ಕೊಸರು

ತೂಗಿಯಾದ ಮೇಲೆ ಇನ್ನೊಂದಿಷ್ಟು ಹಾಕಿಕೊಡುವುದಕ್ಕೆ ಕೊಸರು ಎನ್ನುತ್ತೇವೆ. ಹಾಫ್ ಮ್ಯಾರಥಾನಿಗೂ ಒಂದು ಕೊಸರಿದೆ: ತೊಂಬತ್ತೇಳೂವರೆ ಮೀಟರ್. ಬಾಯಿಮಾತಿನಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಎನ್ನುವ ಓಟದ ನಿಜವಾದ ಅಳತೆ 21.0975. ಇಪ್ಪತ್ತೊಂದರ ಫಲಕ ಕಂಡ ಕೂಡಲೇ ಕಾಲು 'ಸದ್ಯ, ಮುಗಿಯಿತು' ಎಂದುಕೊಳ್ಳುತ್ತದೆ. ಕಿಲೋಮೀಟರಿಗೆ ಆರು ನಿಮಿಷದ ಲೆಕ್ಕದಲ್ಲಿ ಓಡುವವರಿಗೆ ಅಲ್ಲಿಂದಾಚೆಗೆ ಇನ್ನೂ 35 ಸೆಕೆಂಡಿನ ಕೆಲಸವಿದೆ. ಇದರ ಬೇರು 1908ರ ಲಂಡನ್ ಒಲಿಂಪಿಕ್ಸಿನಲ್ಲಿದೆ. ವಿಂಡ್ಸರ್ ಅರಮನೆಯಲ್ಲಿ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನದೆದುರು ಮುಗಿಯುವಂತೆ ಹಾಕಿದ ಮ್ಯಾರಥಾನ್ ದಾರಿ 42.195 ಕಿ.ಮೀ. ಆಯಿತು, 1921ರಲ್ಲಿ ಅದೇ ಅಳತೆ ಕಾಯಂ ಆಯಿತು. ಅರ್ಧ ಓಡುವವರ ಪಾಲಿಗೆ ಬಂದದ್ದು ಅದರ ಅರ್ಧ.

ವಸಂತದಲ್ಲಿ ನದಿಯ ಪಕ್ಕದ ಊರಿನಲ್ಲಿ ನಡೆಯುವ ಸಹಾಯಾರ್ಥ ಓಟವಾದರೂ, ದಾರಿಗೆ ಅಧಿಕೃತ ಮಾನ್ಯತೆ ಬೇಕೆಂದರೆ ಅಳತೆ ಸಡಿಲವಾಗುವಂತಿಲ್ಲ. ದಾರಿಯನ್ನು ಅಳೆಯುವುದು ಕಾರಿನ ಮೀಟರಿನಿಂದಲ್ಲ, ಫೋನಿನ ನಕಾಶೆಯಿಂದಲೂ ಅಲ್ಲ, ಸೈಕಲ್ಲಿನಿಂದ. ಅದರ ಮುಂಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆಯಂತ್ರ ಕೂರಿಸಿರುತ್ತಾರೆ. ಉಕ್ಕಿನ ಟೇಪು ಹಿಡಿದು ಅಳೆದ, ಕನಿಷ್ಠ 300 ಮೀಟರಿನ ನೇರ ರಸ್ತೆಯಲ್ಲಿ ನಾಲ್ಕು ಸಲ ತುಳಿದು, ಕಿಲೋಮೀಟರಿಗೆ ಎಷ್ಟು ಎಣಿಕೆ ಬೀಳುತ್ತದೆಂದು ಮೊದಲು ನೋಡಿಕೊಳ್ಳಬೇಕು. ಓಟದ ದಾರಿ ಅಳೆದು ಬಂದ ಮೇಲೆ ಅದೇ ರಸ್ತೆಯಲ್ಲಿ ಮತ್ತೆ ನಾಲ್ಕು ಸಲ. ಇದು ಬರೀ ಮಡಿವಂತಿಕೆಯಲ್ಲ. ವಸಂತದಲ್ಲಿ ಬೆಳಗಿನ ಜಾವ ಚಳಿ, ಹತ್ತು ಗಂಟೆಗೆ ಬಿಸಿಲು. ಟೈರಿನೊಳಗಿನ ಗಾಳಿ ಹಿಗ್ಗಿ ಚಕ್ರ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಅದೇ ದೂರಕ್ಕೆ ಎಣಿಕೆ ಕಡಿಮೆ ಬೀಳುತ್ತದೆ. ಇಷ್ಟು ಜತನ ಮಾಡಿದ ಮೇಲೂ ಸಾವಿರಕ್ಕೆ ಒಂದರಂತೆ, ಅಂದರೆ ಇಡೀ ಓಟಕ್ಕೆ 21 ಮೀಟರ್, ಬೇಕೆಂದೇ ಸೇರಿಸುತ್ತಾರೆ. ಯಾರಾದರೂ ಮರುಅಳತೆ ಮಾಡಿದರೆ ದಾರಿ ಕಮ್ಮಿ ಬೀಳಬಾರದು, ಬಿದ್ದರೆ ಅಲ್ಲಿ ಬರೆದ ದಾಖಲೆಗಳು ಹೋದ ಹಾಗೆ. ಕೊಸರಿನ ಮೇಲೆ ಇನ್ನೊಂದು ಕೊಸರು!

ಆದರೆ ದೊಡ್ಡ ಕೊಸರನ್ನು ಹಾಕಿಕೊಳ್ಳುವವರು ಓಡುವವರೇ. ಅಳೆಯುವ ಸೈಕಲ್ಲು ತಿರುವಿನಲ್ಲಿ ಒಳಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಸಾಧ್ಯವಾದಷ್ಟು ಹತ್ತಿರದ ಗೆರೆಯಲ್ಲಿ ಸಾಗಿರುತ್ತದೆ. ನದಿ ಎಂದಾದರೂ ನೆಟ್ಟಗೆ ಹರಿದದ್ದುಂಟೇ? ಅದರ ಜೊತೆ ದಂಡೆಯ ರಸ್ತೆಯೂ ಎಡಕ್ಕೆ ಬಾಗುತ್ತದೆ, ಬಲಕ್ಕೆ ಬಾಗುತ್ತದೆ. ನೀರು ನೋಡುವ ಆಸೆಗೆ ಉದ್ದಕ್ಕೂ ಕಟಕಟೆಗೇ ಅಂಟಿಕೊಂಡವರಿಗೆ ಒಂದು ತಿರುವಿನಲ್ಲಿ ಲಾಭ, ಮುಂದಿನದರಲ್ಲಿ ನಷ್ಟ. ಲಂಬಕೋನದ ಒಂದು ತಿರುವಿನಲ್ಲಿ ಆ ಗೆರೆಯಿಂದ ಐದು ಮೀಟರ್ ಆಚೆ ಓಡಿದರೆ ಹೆಚ್ಚುವರಿ ದೂರ ಸುಮಾರು ಎಂಟು ಮೀಟರ್; ಅಂಥ ಎಂಟು ತಿರುವಿಗೆ ಅರವತ್ತು ದಾಟುತ್ತದೆ. ಹೊರಡುವಾಗಿನ ನೂಕುನುಗ್ಗಲಿನಲ್ಲಿ ಹಾವಿನಂತೆ ನುಸುಳಿ ಮುಂದೆ ಹೋಗುವವರ ಲೆಕ್ಕ ಬೇರೆ. ಅವರು ಗಳಿಸುವುದು ನಾಲ್ಕು ಸೆಕೆಂಡು, ಕಳೆಯುವುದು ಉಸಿರು.

ಓಟ ಮುಗಿದಾಗ ಮಣಿಕಟ್ಟಿನ ಜಿಪಿಎಸ್ ಗಡಿಯಾರ ತೋರಿಸುವ 21.3 ಕಿಲೋಮೀಟರಿಗೆ ಅರ್ಧ ಕಾರಣ ಇದು. ಇನ್ನರ್ಧ, ಸೇತುವೆಯ ಕೆಳಗೆ ಉಪಗ್ರಹದ ಸಂಕೇತ ಕಡಿಯುವುದು, ಎತ್ತರದ ಕಟ್ಟಡಗಳ ನಡುವೆ ಅದು ಗೋಡೆಗೆ ಬಡಿದು ಬರುವುದು. ಹಾಗಾಗಿ ಎರಡು ಗಂಟೆಯೊಳಗೆ ಮುಗಿಸಬೇಕೆಂದಿರುವವರು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ ಎಂಬ ಕಾಗದದ ಲೆಕ್ಕ ನಂಬಿದರೆ ಓಟ ಮುಗಿಯುವ ಕಮಾನಿನ ಎದುರಿಗೇ ಕೈ ತಪ್ಪುತ್ತದೆ. ಗಡಿಯಾರದಲ್ಲಿ 5:38 ಕಾಣಬೇಕು. ಅದಕ್ಕಿಂತ ಒಳ್ಳೆಯದು, ರಸ್ತೆಬದಿಯ ಕಿಲೋಮೀಟರ್ ಫಲಕ ಬಂದಾಗಲೆಲ್ಲ ಲ್ಯಾಪ್ ಗುಂಡಿಯನ್ನು ಕೈಯಿಂದಲೇ ಒತ್ತುವುದು.

ನಡೆದು ದಾಟುವವರಿಗೆ ಸಪಾಟಾಗಿ ಕಾಣುವ ಸೇತುವೆ ಹದಿನೇಳನೆಯ ಕಿಲೋಮೀಟರಿನಲ್ಲಿ ಗುಡ್ಡವಾಗುತ್ತದೆ. ಅಲ್ಲಿ ವೇಗವನ್ನಲ್ಲ, ಉಸಿರಿನ ಲಯವನ್ನು ಕಾಯಬೇಕು. ಸೇತುವೆಯ ಕೂಡುಗಳ ಮೇಲಿನ ಕಬ್ಬಿಣದ ಪಟ್ಟಿ ಇಬ್ಬನಿಗೆ ನೆಂದಿದ್ದರೆ ಜಾರುತ್ತದೆ. ತುಳಿಯದೆ ದಾಟುವುದೇ ಜಾಣತನ. ತೆಳುವಾದ ಕಾಲುಸೇತುವೆಗಳನ್ನು ಆಯೋಜಕರು ದೂರವಿಡುವುದಕ್ಕೂ ಕಾರಣವಿದೆ. ಲಂಡನ್ನಿನ ಮಿಲೇನಿಯಂ ಸೇತುವೆ 2000ದ ಜೂನ್‌ನಲ್ಲಿ ತೆರೆದ ದಿನವೇ ಜನರ ಹೆಜ್ಜೆಗೆ ಪಕ್ಕಕ್ಕೆ ತೂಗಾಡತೊಡಗಿತು. ಎರಡೇ ದಿನಕ್ಕೆ ಮುಚ್ಚಿ, 2002ರಲ್ಲಿ ಮತ್ತೆ ತೆರೆದರು. ಅದು ತೂಗಾಡಿದ್ದು ಬರಿಯ ನಡಿಗೆಗೆ.

ಇನ್ನು ನದಿಯ ಗಾಳಿ. ಒಂದು ದಂಡೆಯಲ್ಲಿ ಬೆನ್ನು ತಟ್ಟುತ್ತದೆ, ಇನ್ನೊಂದರಲ್ಲಿ ಎದೆಗೆ ಒದೆಯುತ್ತದೆ. ಬೆನ್ನಗಾಳಿಯಲ್ಲಿ ಬಂದ ವೇಗವನ್ನು ತನ್ನದೇ ತಾಕತ್ತು ಎಂದುಕೊಂಡವರು ಸೇತುವೆ ದಾಟಿದ ಮೇಲೆ ತೆರುತ್ತಾರೆ. ಎದುರುಗಾಳಿಯಲ್ಲಿ ಕಿಲೋಮೀಟರಿಗೆ ಮೂರು ಸೆಕೆಂಡ್ ನಿಧಾನವಾದರೂ ಪರವಾಗಿಲ್ಲ, ಒಂದು ಗುಂಪಿನ ಬೆನ್ನ ಹಿಂದೆ ಸೇರಿಕೊಳ್ಳುವುದು ವಾಸಿ.

ಉಳಿದದ್ದು ಚಿಲ್ಲರೆ, ಆದರೆ ಮರೆತರೆ ಕಾಡುವ ಚಿಲ್ಲರೆ. ಎದೆಗೆ ಸಿಕ್ಕಿಸುವ ಓಟದ ಸಂಖ್ಯೆಯ ಹಾಳೆಗೆ, ಅಂದರೆ ಬಿಬ್ಬಿಗೆ, ನಾಲ್ಕು ಮೂಲೆಗೂ ಪಿನ್ನು ಬೇಕು. ಅದರ ಹಿಂದೆ ಅಂಟಿಸಿದ, ಸಮಯ ದಾಖಲಿಸುವ ಎಲೆಕ್ಟ್ರಾನಿಕ್ ಚಿಪ್ ಅನ್ನು ಮಡಿಸಬಾರದು, ನೀರಿನ ಬಾಟಲಿಯ ಬೆಲ್ಟಿನಡಿಗೂ ಸಿಕ್ಕಿಸಬಾರದು. ನೀರು ರೇಡಿಯೋ ಅಲೆಗಳನ್ನು ಹೀರಿಕೊಳ್ಳುವುದರಿಂದ, ಚಿಪ್ ಓದಲು ನೆಲಕ್ಕೆ ಹಾಸಿದ ಚಾಪೆಗೆ ನಿಮ್ಮ ಸುಳಿವೇ ಸಿಗದಿರಬಹುದು. ನೀರಿಗೆ ಎಲ್ಲರೂ ಮೊದಲ ಮೇಜಿಗೆ ಮುಗಿಬೀಳುತ್ತಾರೆ, ಕೊನೆಯ ಮೇಜು ಖಾಲಿಯಿರುತ್ತದೆ. ಕಾಗದದ ಲೋಟದ ಬಾಯಿಯನ್ನು ಚಿವುಟಿ ಹಿಡಿದರೆ ನೀರು ಮೂಗಿಗೆ ಹೋಗದು. ಹೊಸ ಶೂ ಹಾಕಿ ಬಂದವರಿಗೆ ಹೇಳುವುದೇನೂ ಇಲ್ಲ, ಅವರ ಹಿಮ್ಮಡಿಯೇ ಹೇಳುತ್ತದೆ.

ಸಹಾಯಾರ್ಥ ಓಟ ಎಂದ ಮೇಲೆ ದುಡ್ಡಿನ ಮಾತು ಬರಬೇಕಲ್ಲ. ಪ್ರವೇಶ ಶುಲ್ಕವೆಲ್ಲ ದಾನಕ್ಕೆ ಹೋಗುತ್ತದೆ ಎಂದುಕೊಳ್ಳುವುದು ತಪ್ಪು. ರಸ್ತೆ ಮುಚ್ಚಲು, ಬ್ಯಾರಿಕೇಡಿಗೆ, ಆಂಬ್ಯುಲೆನ್ಸಿಗೆ, ಶೌಚಾಲಯಕ್ಕೆ ಅದರಲ್ಲಿ ದೊಡ್ಡ ಪಾಲು ಬೇಕು. ದಾನದ ದುಡ್ಡು ಹೆಚ್ಚಾಗಿ ಬರುವುದು ಓಡುವವರು ಪರಿಚಿತರಲ್ಲಿ ಎತ್ತುವ ದೇಣಿಗೆಯಿಂದ. ಅದಕ್ಕೊಂದು ಉಪಾಯವಿದೆ: ಕೈ ಬಿಚ್ಚಿ ಕೊಡುವವರನ್ನು ಮೊದಲು ಕೇಳಬೇಕು. ಪಟ್ಟಿಯ ಮೇಲಿನ ಮೊತ್ತ ನೋಡಿಯೇ ಮುಂದಿನವರು ಜೇಬಿಗೆ ಕೈ ಹಾಕುವುದು. ಓಟ ಮುಗಿದ ಸಂಜೆ ಇನ್ನೊಮ್ಮೆ ಕೇಳಲು ನಾಚಬೇಕಾಗಿಲ್ಲ. 'ಮುಗಿಸಿದ ಮೇಲೆ ಕೊಡುತ್ತೇನೆ' ಎಂದವರು ಎಲ್ಲ ಕಡೆಯೂ ಇರುತ್ತಾರೆ.

ಕೆಲವರು ಒಟ್ಟು ಮೊತ್ತ ಹೇಳದೆ ಕಿಲೋಮೀಟರಿಗೆ ಇಷ್ಟು ಎಂದು ಒಪ್ಪಿಕೊಂಡಿರುತ್ತಾರೆ. ಲೆಕ್ಕ ಚುಕ್ತಾ ಮಾಡುವ ದಿನ ಅವರು ಗುಣಿಸುವುದು ಇಪ್ಪತ್ತೊಂದರಿಂದ. ಓಡಿದವರು ಮಣಿಕಟ್ಟು ಮುಂದೆ ಚಾಚಿ 21.34 ತೋರಿಸುತ್ತಾರೆ. ಅಳೆದದ್ದು ಸೈಕಲ್ಲೋ, ಗಡಿಯಾರವೋ ಎಂದು ಒಂದಿಷ್ಟು ಕೊಸರಾಟ ನಡೆದು, ಸಾಮಾನ್ಯವಾಗಿ ಇಪ್ಪತ್ತೆರಡಕ್ಕೆ ಇತ್ಯರ್ಥವಾಗುತ್ತದೆ.