ಒಂದು ಹೆಜ್ಜೆ ಸರಿಸಿ ಕಳೆದಾಗ ಉಳಿಯುವುದು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕೋಥ್ರೂಡಿನ ನಮ್ಮ ಮನೆಗೆ ನನ್ನ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಜತ್ತ ತಾಲೂಕಿನ ಹುಡುಗಿ, ಮನೆಮಾತು ಕನ್ನಡ, ಪುಣೆಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದಾಳೆ. ಮದ್ಯದ ಮೇಲಿನ ತೆರಿಗೆ ಏರಿದ ಮೇಲೆ ಮಾರಾಟ ಇಳಿಯಿತೇ ಎಂಬುದು ಅವಳ ಪ್ರಾಜೆಕ್ಟಿನ ಪ್ರಶ್ನೆ. 2014ರಿಂದ 2021ರವರೆಗಿನ ತಿಂಗಳವಾರು ಅಂಕಿಗಳು, ಒಟ್ಟು 96, ಅವಳ ಬಳಿ ಇದ್ದವು. ಅವುಗಳನ್ನು ತೆರಿಗೆ ಏರುವ ಮೊದಲಿನವು ಮತ್ತು ನಂತರದವು ಎಂದು ಎರಡು ಪಾಲು ಮಾಡಿ, ಸರಾಸರಿಗಳ ವ್ಯತ್ಯಾಸ ತೆಗೆದು, ಮಾಮೂಲಿ ಪರೀಕ್ಷೆ ಮಾಡಿದ್ದಳು. "ಮೇಡಮ್ಮರ, ಪಿ-ವ್ಯಾಲ್ಯೂ ಭಾಳ ಚಲೋ ಬಂದೈತ್ರಿ" ಎಂದು ಸಂತೋಷದಿಂದ ತೋರಿಸಿದಳು. (ತೆರಿಗೆಗೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಬರಿಯ ಆಕಸ್ಮಿಕವಾಗಿ ಬರುವ ಸಂಭವವೇ ಪಿ-ವ್ಯಾಲ್ಯೂ; ಅದು ಚಿಕ್ಕದಿದ್ದಷ್ಟೂ ಚಲೋ.) ನಾನು ಕೇಳಿದ್ದು ಒಂದೇ ಪ್ರಶ್ನೆ: "ಈ 96 ತಿಂಗಳುಗಳಿಗೆ ಒಂದರ ಗುರುತು ಇನ್ನೊಂದಕ್ಕೆ ಇಲ್ಲವೇ?"

ಅವಳಿಗೆ ಅಂದು ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಮದ್ಯನೀತಿಯ ಬಗ್ಗೆ ನಮ್ಮ ಕಡೆ ನಡೆಯುವ ವಾದಗಳಲ್ಲಿ ಎರಡೂ ಪಕ್ಷದವರು ಮಾಡುವ ತಪ್ಪು ಇದೇ, ಒಂದಕ್ಕೊಂದು ನಂಟಿರುವ ಅಂಕಿಗಳನ್ನು ನಂಟಿಲ್ಲದವೆಂದು ಎಣಿಸುವುದು, ಎಂದು ನಾನು ನಂಬಿದ್ದೇನೆ. ನಾನು ಇಪ್ಪತ್ತು ವರ್ಷಗಳಿಂದ ಕಲಿಸುತ್ತಿರುವ ರೇಖೀಯ ಬೀಜಗಣಿತದಲ್ಲಿ ಈ ತಪ್ಪಿಗೆ ನೇರವಾದ ಉತ್ತರವಿದೆ, ಆದರೆ ನಾವು ಅಧ್ಯಾಪಕರು ಅದನ್ನು ಈ ರೂಪದಲ್ಲಿ ತರಗತಿಗೆ ತರುವುದೇ ಇಲ್ಲ.

ಮೊದಲು ಆ 96ರ ಮಾತು. ಒಂದು ತಿಂಗಳು ಮಾರಾಟ ಹೆಚ್ಚಿದ್ದರೆ ಮುಂದಿನ ತಿಂಗಳೂ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಕುಡಿಯುವವರು ಅವರೇ, ಅಂಗಡಿಗಳು ಅವೇ, ಊರಿನ ಕೈಯಲ್ಲಿ ಓಡಾಡುವ ಹಣವೂ ಹೆಚ್ಚು ಬದಲಾಗಿರುವುದಿಲ್ಲ. ಪಕ್ಕಪಕ್ಕದ ತಿಂಗಳುಗಳ ನಡುವಿನ ಸಹಸಂಬಂಧ (ಎರಡು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆ, ಹೆಚ್ಚೆಂದರೆ 1) 0.6 ಎಂದೂ, ಅಂತರ ಹೆಚ್ಚಿದಂತೆ ಅದು 0.36, 0.216 ಎಂದು ಇಳಿಯುತ್ತ ಹೋಗುತ್ತದೆಂದೂ ಇಟ್ಟುಕೊಳ್ಳಿ. ಆಗ ಸರಾಸರಿಯ ಮಟ್ಟಿಗೆ 96 ತಿಂಗಳುಗಳು ಕೊಡುವ ಮಾಹಿತಿ ಸುಮಾರು 24 ಸ್ವತಂತ್ರ ತಿಂಗಳುಗಳಷ್ಟು ಮಾತ್ರ. 96ನ್ನು 0.4ರಿಂದ ಗುಣಿಸಿ 1.6ರಿಂದ ಭಾಗಿಸಿದರೆ ಬರುವುದು ಅಷ್ಟೇ. ಇದರಿಂದ ಪ್ರಮಾಣಿತ ದೋಷ, ಅಂದರೆ ನಮ್ಮ ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ, ಎರಡು ಪಟ್ಟಾಗುತ್ತದೆ. ತಿಂಗಳುಗಳನ್ನು ಪರಸ್ಪರ ಅಪರಿಚಿತರೆಂದು ಭಾವಿಸಿ ಮಾಡಿದ ಪರೀಕ್ಷೆಯಲ್ಲಿ ಹೊಳೆಯುತ್ತಿದ್ದ ಫಲಿತಾಂಶ, ಅವು ಒಂದೇ ಮನೆಯವು ಎಂದು ಒಪ್ಪಿಕೊಂಡ ಕೂಡಲೇ ಮಂಕಾಗಬಹುದು.

ಈ ನಂಟನ್ನು ಬರೆದಿಡುವ ಜಾಗವೇ ಮಾತೃಕೆ (ಮ್ಯಾಟ್ರಿಕ್ಸ್), ಅಂದರೆ ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ಪಟ್ಟಿ. ಜನವರಿಯ ಅಡ್ಡಸಾಲು ಮತ್ತು ಮಾರ್ಚಿಯ ಕಂಬಸಾಲು ಕೂಡುವ ಮನೆಯಲ್ಲಿ ಆ ಎರಡು ತಿಂಗಳುಗಳ ಸಹಸಂಬಂಧವಿರುತ್ತದೆ. 96 ತಿಂಗಳಿಗೆ 9,216 ಮನೆಗಳು. ಇಷ್ಟೊಂದು ಸಂಖ್ಯೆಗಳನ್ನು 96 ಅಂಕಿಗಳಿಂದ ಅಂದಾಜಿಸುವುದು ಅಸಾಧ್ಯ. ಆದರೆ ನಂಟು ಅಂತರವನ್ನು ಮಾತ್ರ ಅವಲಂಬಿಸಿದೆ, ಜನವರಿಗೂ ಮಾರ್ಚಿಗೂ ಇರುವುದು ಆಗಸ್ಟಿಗೂ ಅಕ್ಟೋಬರಿಗೂ ಇದೆ ಎಂದು ಒಪ್ಪಿದರೆ, ಎಡದಿಂದ ಬಲಕ್ಕೆ ಓರೆಯಾಗಿ ಇಳಿಯುವ ಪ್ರತಿ ಕರ್ಣದ ಮೇಲೂ ಒಂದೇ ಸಂಖ್ಯೆ ಸಾಲಾಗಿ ನಿಲ್ಲುತ್ತದೆ. ಪಂಕ್ತಿಯಲ್ಲಿ ಕೂತವರೆಲ್ಲ ಒಂದೊಂದು ಎಲೆ ಪಕ್ಕಕ್ಕೆ ಸರಿದು ಕೂತಂತೆ ಪ್ರತಿ ಅಡ್ಡಸಾಲೂ ಮೇಲಿನ ಸಾಲಿನದೇ ಸರಿದ ರೂಪವಾಗುತ್ತದೆ, ಮತ್ತು 9,216 ಮನೆಗಳನ್ನು ತುಂಬಲು 96 ಸಂಖ್ಯೆಗಳು ಸಾಕಾಗುತ್ತವೆ. ಇದಕ್ಕೆ ಜರ್ಮನಿಯ ಗಣಿತಜ್ಞ ಆಟೋ ಟೋಪ್ಲಿಟ್ಸ್ ಅವರ ಹೆಸರಿದೆ. ಯಹೂದಿ ಎಂಬ ಕಾರಣಕ್ಕೆ ನಾಜಿ ಆಡಳಿತ ಅವರನ್ನು 1935ರಲ್ಲಿ ಹುದ್ದೆಯಿಂದ ತೆಗೆದುಹಾಕಿತು. ಅವರು 1940ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡರು.

ಇಂಥ ರಚನೆಯಿಂದ ಲೆಕ್ಕದ ಭಾರವೂ ಇಳಿಯುತ್ತದೆ. ಮಾಮೂಲಿ ದಾರಿಯಲ್ಲಿ ಸಮೀಕರಣಗಳನ್ನು ಬಿಡಿಸುವಾಗ ಮಾತೃಕೆಯ ಅಳತೆ ಇಮ್ಮಡಿಯಾದರೆ ಕೆಲಸ ಎಂಟು ಪಟ್ಟಾಗುತ್ತದೆ. 1940ರ ದಶಕದಲ್ಲಿ ನಾರ್ಮನ್ ಲೆವಿನ್ಸನ್ ಟೋಪ್ಲಿಟ್ಸ್ ಮಾತೃಕೆಗೆಂದೇ ಹುಡುಕಿದ ದಾರಿಯಲ್ಲಿ ಅದು ನಾಲ್ಕು ಪಟ್ಟು ಮಾತ್ರ ಆಗುತ್ತದೆ.

ಇಲ್ಲಿಂದ ಮುಂದಿನ ಕಥೆಗೆ ನಮ್ಮ ಪುಣೆಯ ನಂಟಿದೆ, ಅದನ್ನು ಹೇಳುವಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಥಾಮಸ್ ಕೈಲತ್ ಹುಟ್ಟಿದ್ದು 1935ರಲ್ಲಿ ಇದೇ ಊರಿನಲ್ಲಿ, ಒಂದು ಮಲಯಾಳಿ ಕುಟುಂಬದಲ್ಲಿ. ಶಿವಾಜಿನಗರದಲ್ಲಿ ನದಿಗಳ ಸಂಗಮದ ಹತ್ತಿರ ಇರುವ ಎಂಜಿನಿಯರಿಂಗ್ ಕಾಲೇಜಿನಿಂದ 1956ರಲ್ಲಿ ಪದವಿ ಪಡೆದು, 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಮುಗಿಸಿ, ಮುಂದೆ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಅವರು ಕುಂಗ್ ಮತ್ತು ಮಾರ್ಫ್ ಅವರೊಡನೆ 1979ರಲ್ಲಿ ಪ್ರಕಟಿಸಿದ ವಿಚಾರ ಕೇಳಲು ಬಹಳ ಸರಳವಾಗಿದೆ. ಒಂದು ಮಾತೃಕೆಯನ್ನು ಒಂದು ಹೆಜ್ಜೆ ಕೆಳಕ್ಕೆ ಮತ್ತು ಒಂದು ಹೆಜ್ಜೆ ಬಲಕ್ಕೆ ಸರಿಸಿ, ಮೂಲದಿಂದ ಕಳೆಯಿರಿ. ಅದು ಟೋಪ್ಲಿಟ್ಸ್ ಆಗಿದ್ದರೆ ಮೊದಲ ಅಡ್ಡಸಾಲು ಮತ್ತು ಮೊದಲ ಕಂಬಸಾಲು ಬಿಟ್ಟು ಉಳಿದುದೆಲ್ಲ ಸೊನ್ನೆಯಾಗುತ್ತದೆ. ಆ ಶೇಷದ ರ್‍ಯಾಂಕ್ 2ನ್ನು ಮೀರುವುದಿಲ್ಲ; ಅಂದರೆ ಉಳಿದವುಗಳಿಂದ ಕಟ್ಟಲಾಗದಂಥ ಸ್ವತಂತ್ರ ಸಾಲುಗಳು ಅದರಲ್ಲಿ ಎರಡಕ್ಕಿಂತ ಹೆಚ್ಚಿರುವುದಿಲ್ಲ.

ಈ ಕ್ರಿಯೆಯಿಂದ, ಒಂದು ಮಾತೃಕೆ ಟೋಪ್ಲಿಟ್ಸ್ ಹೌದೋ ಅಲ್ಲವೋ ಎಂಬ ಪ್ರಶ್ನೆಯ ಬದಲಿಗೆ, ಅದು ಟೋಪ್ಲಿಟ್ಸ್ ಆಗುವುದಕ್ಕೆ ಎಷ್ಟು ಹತ್ತಿರದಲ್ಲಿದೆ ಎಂದು ಕೇಳುವುದು ಸಾಧ್ಯವಾಯಿತು. ಶೇಷದ ರ್‍ಯಾಂಕ್ 3 ಅಥವಾ 4 ಬಂದರೂ ವೇಗದ ಲೆಕ್ಕ ನಡೆಯುತ್ತದೆ. ಇನ್ನೂ ಸೊಗಸಾದ ಸಂಗತಿ ಎಂದರೆ, ಟೋಪ್ಲಿಟ್ಸ್ ಮಾತೃಕೆಯ ವಿಲೋಮ (ಮೂಲದ ಗುಣಾಕಾರವನ್ನು ಹಿಂದಕ್ಕೆ ತಿರುಗಿಸುವ ಮಾತೃಕೆ) ಸಾಮಾನ್ಯವಾಗಿ ಟೋಪ್ಲಿಟ್ಸ್ ಆಗಿರುವುದಿಲ್ಲ, ಕಣ್ಣಿಗೆ ಯಾವ ವಿನ್ಯಾಸವೂ ಕಾಣುವುದಿಲ್ಲ. ಆದರೂ ಅದನ್ನು ಎದುರು ದಿಕ್ಕಿಗೆ ಸರಿಸಿ ಕಳೆದರೆ ಶೇಷದ ರ್‍ಯಾಂಕ್ ಮತ್ತೆ ಅಷ್ಟೇ. ಮೇಲೆ ಅಳಿಸಿಹೋದಂತೆ ಕಂಡ ರಚನೆ ಒಳಗೆ ಉಳಿದೇ ಇರುತ್ತದೆ.

ಮದ್ಯನೀತಿಯ ಸಂಶೋಧಕರು ಕಾಲಶ್ರೇಣಿಗಳ ಮೇಲೆ ಮಾಡುವ ಕೆಲಸವೂ ಇದಕ್ಕೆ ಹತ್ತಿರದ್ದು. ಸರಣಿಯನ್ನು ಒಂದು ತಿಂಗಳೋ ಒಂದು ವರ್ಷವೋ ಸರಿಸಿ ಕಳೆಯುತ್ತಾರೆ. ತನ್ನಷ್ಟಕ್ಕೇ ಮರುಕಳಿಸುವುದು ಅಳಿದು, ಹೊಸದಾಗಿ ಸೇರಿದ್ದು ಉಳಿಯುತ್ತದೆ. ನೀತಿಯ ಪರಿಣಾಮವನ್ನು ಹುಡುಕಬೇಕಾದದ್ದು ಆ ಉಳಿದದ್ದರಲ್ಲಿ.

ಫಿನ್ಲೆಂಡಿನ ಉದಾಹರಣೆಯನ್ನು ನಾನು ವಿದ್ಯಾರ್ಥಿನಿಗೆ ಮೊದಲು ಕೊಟ್ಟೆ. 2004ರ ಮೇ 1ರಂದು ನೆರೆಯ ಎಸ್ಟೋನಿಯಾ ಯುರೋಪಿಯನ್ ಒಕ್ಕೂಟ ಸೇರುವುದಿತ್ತು. ಅಲ್ಲಿನ ಅಗ್ಗದ ಮದ್ಯ ಹಡಗುಗಳಲ್ಲಿ ಹರಿದುಬರುತ್ತದೆ ಎಂಬ ಆತಂಕದಿಂದ ಫಿನ್ಲೆಂಡ್ ಮಾರ್ಚ್ ತಿಂಗಳಲ್ಲೇ ತನ್ನ ಮದ್ಯದ ತೆರಿಗೆಯನ್ನು ಸರಾಸರಿ ಮೂರನೆಯ ಒಂದರಷ್ಟು ಇಳಿಸಿತು. ವಾರವಾರದ ಸರಣಿಯನ್ನು ಅದರ ಒಳನಂಟಿನ ಸಮೇತ ವಿಶ್ಲೇಷಿಸಿದ ಅಧ್ಯಯನದಲ್ಲಿ, ದೇಹದಲ್ಲಿ ಮದ್ಯವಿದ್ದ ಹಠಾತ್ ಸಾವುಗಳು ಹಿಂದಿನ ವರ್ಷದ ಸರಾಸರಿಗಿಂತ ಶೇ. 17ರಷ್ಟು ಏರಿದ್ದು ಕಂಡುಬಂತು. ವಾರಕ್ಕೆ ಎಂಟು ಹೆಚ್ಚುವರಿ ಸಾವುಗಳು.

ಎರಡನೆಯದು ಸ್ಕಾಟ್ಲೆಂಡ್. 2018ರ ಮೇ 1ರಿಂದ ಅಲ್ಲಿ ಮದ್ಯದ ಒಂದು ಯೂನಿಟ್ಟನ್ನು (10 ಮಿಲಿಲೀಟರ್ ಶುದ್ಧ ಮದ್ಯಸಾರ) 50 ಪೆನ್ಸಿಗಿಂತ ಕಡಿಮೆಗೆ ಮಾರುವಂತಿಲ್ಲ ಎಂಬ ಕಾನೂನು ಬಂತು. (2024ರ ಸೆಪ್ಟೆಂಬರಿನಲ್ಲಿ ಅದು 65 ಪೆನ್ಸ್ ಆಯಿತು.) 2023ರಲ್ಲಿ ಬಂದ ಮೌಲ್ಯಮಾಪನ ಆ ಕಾನೂನಿಲ್ಲದ ಇಂಗ್ಲೆಂಡನ್ನು ಹೋಲಿಕೆಗೆ ಇಟ್ಟುಕೊಂಡು, ಪೂರ್ತಿ ಮದ್ಯದಿಂದಲೇ ಆಗುವ ಸಾವುಗಳು ಶೇ. 13.4 ಇಳಿದವು ಎಂದು ಹೇಳಿತು. ಅದರ ಜೊತೆಗೇ, ನಿಜವಾದ ಇಳಿಕೆ 8.3ರಿಂದ 18.4ರ ನಡುವೆ ಎಲ್ಲಾದರೂ ಇರಬಹುದು ಎಂದೂ ಬರೆಯಿತು. ಆಸ್ಪತ್ರೆ ದಾಖಲಾತಿಯಲ್ಲಿ ಕಂಡ ಶೇ. 4.1ರ ಇಳಿಕೆಯ ವ್ಯಾಪ್ತಿ ಸೊನ್ನೆಯನ್ನು ದಾಟಿತ್ತು, ಅದನ್ನೂ ಮುಚ್ಚಿಡಲಿಲ್ಲ. ನನಗೆ ಗೌರವ ಹುಟ್ಟಿಸುವುದು ಈ ನಡವಳಿಕೆ.

ನನಗೆ ಈ ವಿಷಯದ ಮೇಲೆ ಇಷ್ಟು ಕಾಳಜಿ ಏಕೆ ಎಂಬುದನ್ನೂ ಹೇಳಬೇಕು. ನನ್ನ ಸೋದರಮಾವನ ಮನೆ ಕಾರವಾರದ ಹತ್ತಿರ. ಮಾಜಾಳಿಯ ಚೆಕ್‌ಪೋಸ್ಟ್ ದಾಟಿದರೆ ಗೋವಾ, ಅಲ್ಲಿ ಅದೇ ಬಾಟಲಿ ಕಡಿಮೆ ಬೆಲೆಗೆ ಸಿಗುತ್ತದೆ. ಮಾವ ವಾರಕ್ಕೆ ಎರಡು ಸಲ ಸ್ಕೂಟರಿನಲ್ಲಿ ಆ ಕಡೆ ಹೋಗಿ ಕುಡಿದು ಬರುತ್ತಿದ್ದರು. ಐವತ್ತೆರಡನೆಯ ವಯಸ್ಸಿಗೆ ಲಿವರ್ ಕೈಕೊಟ್ಟಿತು. ಕೊನೆಯ ದಿನಗಳಲ್ಲಿ ಅತ್ತೆ ನನ್ನ ಕೈ ಹಿಡಿದು, "ತಂಗೀ, ಆ ಗಡಿ ಒಂದು ಇಪ್ಪತ್ತು ಮೈಲಿ ದೂರ ಇದ್ದಿದ್ರೆ ಇವರು ಇನ್ನಷ್ಟು ದಿನ ಇರ್ತಿದ್ರು" ಎಂದಿದ್ದರು. ಅತ್ತೆ ಶಾಲೆ ಕಲಿತವರಲ್ಲ. ಆದರೆ ಒಂದು ರಾಜ್ಯದ ತೆರಿಗೆಯ ಪರಿಣಾಮ ಪಕ್ಕದ ರಾಜ್ಯದ ಬೆಲೆಯನ್ನೂ ನೆಚ್ಚಿಕೊಂಡಿರುತ್ತದೆ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮದ್ಯ ರಾಜ್ಯಪಟ್ಟಿಗೆ ಸೇರಿದೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಆದ್ದರಿಂದ ಕರ್ನಾಟಕದ ಮಾರಾಟವೊಂದನ್ನೇ ಪ್ರತ್ಯೇಕವಾಗಿ ನೋಡಿದರೆ ಕಾರವಾರ, ಬೆಳಗಾವಿಯಂಥ ಗಡಿಯ ಕಡೆಯ ಊರುಗಳು ಲೆಕ್ಕದಿಂದ ಜಾರಿಹೋಗುತ್ತವೆ. ಕರ್ನಾಟಕ ಮತ್ತು ಅದನ್ನು ಸುತ್ತುವರಿದ ಆರು ರಾಜ್ಯಗಳನ್ನು ಹತ್ತು ವರ್ಷಗಳ ಕಾಲ ತಿಂಗಳವಾರು ನೋಡುವುದಾದರೆ 840 ಅಂಕಿಗಳಾಗುತ್ತವೆ. ಅವುಗಳ ಮಾತೃಕೆಯಲ್ಲಿ 7,05,600 ಮನೆಗಳಿರುತ್ತವೆ. ಇದನ್ನು ರಾಜ್ಯಗಳ ನಡುವಿನ ನಂಟಿನ 7ರ ಮಾತೃಕೆ ಮತ್ತು ತಿಂಗಳುಗಳ ನಡುವಿನ ನಂಟಿನ 120ರ ಟೋಪ್ಲಿಟ್ಸ್ ಮಾತೃಕೆ, ಇವೆರಡರ ಕ್ರೋನೆಕರ್ ಗುಣಲಬ್ಧವಾಗಿ (ಮೊದಲನೆಯದರ ಪ್ರತಿ ಮನೆಯ ಸಂಖ್ಯೆಯಿಂದ ಎರಡನೆಯದನ್ನು ಇಡಿಯಾಗಿ ಗುಣಿಸಿ ಜೋಡಿಸಿದ್ದು) ಬರೆದರೆ, 7ರ ಮಾತೃಕೆ ಕರ್ಣದ ಎರಡೂ ಬದಿಗೆ ಒಂದೇ ಆಗಿರುವುದರಿಂದ 28 ಮತ್ತು 120, ಒಟ್ಟು 148 ಸಂಖ್ಯೆಗಳಲ್ಲಿ ಎಲ್ಲವೂ ಅಡಗುತ್ತದೆ. ವಿಲೋಮವನ್ನೂ ಎರಡಕ್ಕೂ ಬೇರೆಬೇರೆಯಾಗಿ ತೆಗೆದು ಗುಣಿಸಿದರೆ ಸಾಕು.

ಆದರೆ ರಚನೆ ಎಂದರೆ ನಾವು ಲೋಕದ ಬಗ್ಗೆ ಕೊಟ್ಟ ಹೇಳಿಕೆ. ಹೀಗೆ ಬರೆದಾಗ ಗೋವಾದ ಡಿಸೆಂಬರಿಗೂ ಜನವರಿಗೂ ಇರುವ ನಂಟು ಕರ್ನಾಟಕದ ಆ ಎರಡು ತಿಂಗಳ ನಂಟಿನ ಹಾಗೆಯೇ ಇದೆ ಎಂದು ಹೇಳಿದಂತಾಗುತ್ತದೆ. ಪ್ರವಾಸಿಗರಿಂದ ತುಂಬುವ ಗೋವಾದ ವಿಷಯದಲ್ಲಿ ನಾನು ಅದನ್ನು ಒಪ್ಪಲಾರೆ. ಎರಡು ಕ್ರೋನೆಕರ್ ಗುಣಲಬ್ಧಗಳ ಮೊತ್ತವಾಗಿ ಬರೆದರೆ ಸತ್ಯಕ್ಕೆ ಹೆಚ್ಚು ಹತ್ತಿರ ಹೋಗಬಹುದು, ಲೆಕ್ಕವೂ ಕೈಮೀರುವುದಿಲ್ಲ. ಅನುಕೂಲಕ್ಕಾಗಿ ಆರಿಸಿಕೊಂಡ ರಚನೆ ಯಾವುದು, ನಂಬಿ ಆರಿಸಿಕೊಂಡದ್ದು ಯಾವುದು ಎಂದು ಸಂಶೋಧಕ ಬರೆದು ಹೇಳಬೇಕು.

ಮಾತೃಕೆಯ ಒಂದೇ ಮನೆಯನ್ನು ನೋಡಿ ತೀರ್ಪು ಕೊಡುವ ಅಭ್ಯಾಸ ನಮ್ಮಲ್ಲಿ ಹಳೆಯದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿಯ ಮಾರಾಟ ಸೊನ್ನೆಯಾಯಿತು ಎಂಬುದನ್ನೇ ಯಶಸ್ಸೆಂದು ಹೇಳಿದವರಿದ್ದಾರೆ. ಸಾರಾಯಿ ಕುಡಿಯುತ್ತಿದ್ದವನು ಅಗ್ಗದ ವಿಸ್ಕಿಗೋ ರಮ್ಮಿಗೋ ಹೋದನೇ, ಕಳ್ಳಭಟ್ಟಿಗೆ ಹೋದನೇ, ಬಿಟ್ಟೇಬಿಟ್ಟನೇ ಎಂಬುದು ಕರ್ಣದಿಂದ ಆಚೆಗಿನ ಮನೆಗಳಲ್ಲಿ ಇರುತ್ತದೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಐದು ಬಗೆಯ ಮದ್ಯಗಳನ್ನು, ಬಾರಿನಲ್ಲಿ ಕುಡಿಯುವುದು ಮತ್ತು ಅಂಗಡಿಯಿಂದ ಒಯ್ಯುವುದು ಎಂದು ವಿಂಗಡಿಸಿ, ಹತ್ತಕ್ಕೆ ಹತ್ತರ ಬೆಲೆ-ಬೇಡಿಕೆಯ ಮಾತೃಕೆಯನ್ನೇ ಅಂದಾಜಿಸಿದರು: ಒಂದರ ಬೆಲೆ ಏರಿದರೆ ಅದರದೇ ಖರೀದಿ ಎಷ್ಟು ಬದಲಾಗುತ್ತದೆ ಎಂಬುದು ಕರ್ಣದ ಮೇಲೆ, ಉಳಿದವುಗಳ ಖರೀದಿ ಎಷ್ಟು ಎಂಬುದು ಆಚೆಗಿನ ಮನೆಗಳಲ್ಲಿ. ಕರ್ಣದ ಹತ್ತೂ ಸಂಖ್ಯೆಗಳು ಋಣಾತ್ಮಕವಾಗಿ ಬಂದವು. ಅಂಗಡಿಯಿಂದ ಒಯ್ಯುವ ಬಿಯರಿಗೆ ಅದು ಮೈನಸ್ 0.98, ಅಂದರೆ ಬೆಲೆ ಶೇ. 1 ಏರಿದರೆ ಖರೀದಿ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅಂಗಡಿಯಿಂದ ಒಯ್ಯುವ ವಿಸ್ಕಿ, ವೋಡ್ಕಾಗಳಿಗೆ ಅದು ಮೈನಸ್ 0.08 ಮಾತ್ರ. ನಮ್ಮ ಸಾರಾಯಿ, ಸೇಂದಿ, ಬಿಯರು, ವಿಸ್ಕಿ, ಗೋವೆಯ ಫೆನ್ನಿಗಳಿಗೂ ಇಂಥದೊಂದು ಮಾತೃಕೆ ನಮ್ಮ ಕೈಯಲ್ಲಿರಬೇಕಿತ್ತು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಮಹಾರಾಷ್ಟ್ರದಲ್ಲಿರುವ ನಮಗೆ ಚಂದ್ರಪುರದ ವಾದ ಚೆನ್ನಾಗಿ ಗೊತ್ತು. ವರ್ಧಾದಲ್ಲಿ 1970ರ ದಶಕದಿಂದ, ಗಡಚಿರೋಲಿಯಲ್ಲಿ 1993ರಿಂದ ಪಾನನಿಷೇಧವಿದೆ. ಇವೆರಡಕ್ಕೂ ತಾಗಿಕೊಂಡ ಚಂದ್ರಪುರದಲ್ಲಿ 2015ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದ ನಿಷೇಧವನ್ನು 2021ರಲ್ಲಿ ತೆಗೆದರು. ಪರವಾಗಿದ್ದವರೂ ವಿರೋಧವಾಗಿದ್ದವರೂ ಮೊದಲಿಷ್ಟು, ಆಮೇಲೆ ಇಷ್ಟು ಎಂದು ಅಂಕಿ ಹಿಡಿದು ನಿಂತರು. ತಿಂಗಳುಗಳ ಒಳನಂಟನ್ನೂ ನೆರೆಜಿಲ್ಲೆಗಳ ನಂಟನ್ನೂ ಬಿಟ್ಟು ಮಾಡಿದ ವ್ಯವಕಲನ ಯಾರ ಕೈಯಲ್ಲಿದ್ದರೂ ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಹಾಗೆಂದು, ಸಾಕ್ಷ್ಯ ದುರ್ಬಲವಾಗಿದೆ ಎಂದ ಮಾತ್ರಕ್ಕೆ ನೀತಿಗೆ ಪರಿಣಾಮವೇ ಇಲ್ಲ ಎಂದು ತೀರ್ಮಾನಿಸುವುದನ್ನೂ ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಮದ್ಯದಿಂದ ಸತ್ತವರು 26 ಲಕ್ಷ. ಇಂಥ ವಿಷಯದಲ್ಲಿ ಅಳತೆ ಸರಿಯಾಗಿಲ್ಲದಿದ್ದರೆ ಮತ್ತೆ ಅಳೆಯಬೇಕು.

ವಿದ್ಯಾರ್ಥಿನಿ ಎರಡು ವಾರ ಕೂತು ಲೆಕ್ಕವನ್ನು ಹೊಸದಾಗಿ ಮಾಡಿದಳು. ತೆರಿಗೆಯ ನಂತರ ಮಾರಾಟ ಇಳಿದದ್ದು ಹಾಗೆಯೇ ಉಳಿಯಿತು, ಆದರೆ ಅದರ ವ್ಯಾಪ್ತಿ ಅಗಲವಾಗಿ ಒಂದು ತುದಿ ಸೊನ್ನೆಯ ಹತ್ತಿರಕ್ಕೆ ಬಂತು. ಅವಳು ಅದನ್ನು ಹಾಗೆಯೇ ಬರೆದಿದ್ದಾಳೆ. ಮೊನ್ನೆ ಬಂದವಳು ಇನ್ನೊಂದು ಪ್ರಶ್ನೆ ತಂದಳು. 2020ರ ಮಾರ್ಚ್ ಕೊನೆಯಿಂದ ಮೇ ಆರಂಭದವರೆಗೆ ಲಾಕ್‌ಡೌನಿನಲ್ಲಿ ಮದ್ಯದ ಅಂಗಡಿಗಳೇ ಮುಚ್ಚಿದ್ದವು. "ಏಪ್ರಿಲ್ ತಿಂಗಳಿಗೆ ಮಾರ್ಚಿನ ಗುರುತು ಹೆಂಗ ಇರತೈತ್ರಿ ಮೇಡಮ್ಮರ?" ಎಂದು ಕೇಳಿದಳು. ಅಲ್ಲಿ ಕರ್ಣಗಳು ತುಂಡಾಗುತ್ತವೆ, ಮಾತೃಕೆ ಟೋಪ್ಲಿಟ್ಸ್ ಆಗಿ ಉಳಿಯುವುದಿಲ್ಲ. ಒಂದು ಹೆಜ್ಜೆ ಸರಿಸಿ ಕಳೆದು ಶೇಷದ ರ್‍ಯಾಂಕ್ ಎಷ್ಟಕ್ಕೆ ಏರುತ್ತದೆ ಎಂದು ಈಗ ನಾವಿಬ್ಬರೂ ಕೂತು ನೋಡುತ್ತಿದ್ದೇವೆ.