ಸ್ಪಷ್ಟನೆ: ಅವು 1925ರ ಚಿತ್ರಗಳಲ್ಲ

‘ಬ್ರಿಟಿಷರ ಕಾಲದ ರೇಷ್ಮೆ ಗುಲಾಮರು, 1925’ ಎಂಬ ಒಕ್ಕಣೆಯೊಂದಿಗೆ ನಾಲ್ಕು ಕಪ್ಪು-ಬಿಳುಪು ಚಿತ್ರಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ಅವು ಕಳೆದ ವರ್ಷ ಶಿಡ್ಲಘಟ್ಟದಲ್ಲಿ ನಾನೇ ತೆಗೆದವು.

ಸರಣಿಯಲ್ಲಿರುವುದು ಒಟ್ಟು ಒಂಬತ್ತು. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಿಕೆಯಿಂದ ಗೂಡು ಬಿಡಿಸುವಲ್ಲಿ ಶುರುವಾಗಿ, ಮಾರುಕಟ್ಟೆಯ ಹರಾಜು ದಾಟಿ, ನೂಲು ಬಿಚ್ಚುವ ಮನೆಯಲ್ಲಿ ಕಥೆ ಮುಗಿಯುತ್ತದೆ. ಆರನೆಯದರಲ್ಲಿ ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳು ಎಳೆ ಹುಡುಕುತ್ತಿವೆ. ಏಳನೆಯದರಲ್ಲಿ ಅದೇ ಹೆಂಗಸು ನಗುತ್ತಾ ಟೀ ಕುಡಿಯುತ್ತಿದ್ದಾರೆ, ಹಿಂದೆ ಗೋಡೆಯಲ್ಲಿ ಮೊಬೈಲ್ ಚಾರ್ಜಿಗಿದೆ. ಹರಡಿದವರು ಆರನ್ನು ಇಟ್ಟುಕೊಂಡು ಏಳನ್ನು ಕೈಬಿಟ್ಟಿದ್ದಾರೆ. ನನಗೆ ನೋವಾಗಿದ್ದು ಅದಕ್ಕೇ. ದುಡಿದು ಮಕ್ಕಳನ್ನು ಓದಿಸುತ್ತಿರುವ ಆ ತಾಯಿಯನ್ನು ಗುಲಾಮಳೆಂದು ಊರೂರಿಗೆ ತೋರಿಸಿದಂತಾಯಿತು.

ಕಪ್ಪು-ಬಿಳುಪು ಅಂದಮಾತ್ರಕ್ಕೆ ಹಳೆಯದಾಗುವುದಿಲ್ಲ. ಬಣ್ಣದ ಫೋಟೊ ತೆಗೆಯುವ ಗಾಜಿನ ಫಲಕಗಳು ಫ್ರಾನ್ಸಿನಲ್ಲಿ 1907ರಲ್ಲೇ ಮಾರಾಟಕ್ಕೆ ಬಂದಿದ್ದವು. ನಾನು ಬಣ್ಣ ಬಿಟ್ಟಿದ್ದು ಬೇಕೆಂದೇ. ಗೋಡೆಯ ನೀಲಿ, ಪ್ಲಾಸ್ಟಿಕ್ ಬಕೆಟ್ಟಿನ ಕೆಂಪು ಮೊದಲು ಕಣ್ಣಿಗೆ ಹೊಡೆಯುತ್ತಿದ್ದವು. ನೋಡುವವರ ಕಣ್ಣು ಹಬೆ, ಎಳೆ, ಬೆರಳುಗಳ ಮೇಲೆ ನಿಲ್ಲಬೇಕಿತ್ತು.

ಫಾರ್ವರ್ಡ್ ಮಾಡಿದವರು ದಯವಿಟ್ಟು ಅಳಿಸಿ. ಹಂಚುವುದಾದರೆ ಒಂಬತ್ತನ್ನೂ, ಅದೇ ಕ್ರಮದಲ್ಲಿ ಹಂಚಿ.