ಕುಡಿತವೊಂದೇ ಕಾರಣವಲ್ಲ: ಸ್ಪಷ್ಟನೆ

‘ಹೆಂಡತಿಗೆ ಹೊಡೆಯುವುದು ಕುಡುಕರ ಮನೆಯ ಕತೆ, ಮದ್ಯದಂಗಡಿ ಮುಚ್ಚಿಸಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಗಂಡ ಪದೇ ಪದೇ ಕುಡಿದು ಬರುವ ಮಹಿಳೆಯರಲ್ಲಿ ಶೇ 70ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ, ನಿಜ. ಆದರೆ ಗಂಡ ಮದ್ಯವನ್ನೇ ಮುಟ್ಟದವರಲ್ಲೂ ಈ ಪ್ರಮಾಣ ಶೇ 23. ದೇಶದಲ್ಲಿ ಬಹುಪಾಲು ಗಂಡಂದಿರು ಕುಡಿಯದವರೇ. ಹಾಗಾಗಿ ಇದು ಸಣ್ಣ ಸಂಖ್ಯೆಯಲ್ಲ. ತಾಯಿ ಪೆಟ್ಟು ತಿನ್ನುವುದನ್ನು ಕಂಡು ಬೆಳೆದವರಿಗೆ, ತವರಿಗೆ ಹೋಗಲೂ ಗಂಡ ಅಡ್ಡಿಪಡಿಸುವವರಿಗೆ ಅಪಾಯ ಹೆಚ್ಚು.

‘ಸಮೀಕ್ಷೆಯವರ ಮುಂದೆ ಹೆಂಗಸರು ಉತ್ಪ್ರೇಕ್ಷೆ ಮಾಡುತ್ತಾರೆ’ ಎಂಬ ಕುಹಕವೂ ಸಂದೇಶದ ಬಾಲದಲ್ಲಿದೆ. ಸಮೀಕ್ಷೆಯಲ್ಲಿ ಹಿಂಸೆಯ ಕುರಿತ ಪ್ರಶ್ನೆಗಳನ್ನು ಮನೆಗೆ ಒಬ್ಬರೇ ಮಹಿಳೆಗೆ, ಬೇರೆ ಯಾರೂ ಇಲ್ಲದಾಗ ಮಾತ್ರ ಕೇಳುತ್ತಾರೆ. ‘ಹಿಂಸೆ ಆಗಿದೆಯೇ’ ಎಂದಲ್ಲ. ‘ಕೆನ್ನೆಗೆ ಹೊಡೆದಿದ್ದಾರೆಯೇ, ಕೈ ತಿರುಚಿದ್ದಾರೆಯೇ, ಕೂದಲು ಹಿಡಿದು ಎಳೆದಿದ್ದಾರೆಯೇ’ ಎಂದು. ಅತ್ತೆ ಬಾಗಿಲಿಗೆ ಬಂದರೆ ಪ್ರಶ್ನೆ ಅಲ್ಲಿಗೇ ನಿಲ್ಲಬೇಕು. ಹಿಂಸೆಗೊಳಗಾದವರಲ್ಲಿ ನೆರವು ಕೋರಿದವರು ಶೇ 14 ಮಾತ್ರ. ಇಂಥವರು ಉತ್ಪ್ರೇಕ್ಷೆ ಮಾಡುತ್ತಾರೆಂದರೆ ನಂಬುವುದು ಕಷ್ಟ.

ಅಂದಹಾಗೆ, ಇದೇ ಸಮೀಕ್ಷೆಯಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇ 44. ದೇಶದ ಸರಾಸರಿ ಶೇ 29. ಮಹಿಳಾ ಸಹಾಯವಾಣಿ ಸಂಖ್ಯೆ 181.